ಹಸಿರಿಗೆ ಪತ್ರವಿಲ್ಲ

ಮುರುಗೆಪ್ಪ ಬಾಳಿಕಾಯಿ ಅವರು ಯಾವ ಸಂಖ್ಯೆಯನ್ನೂ ಒಟ್ಟಾಗಿ ಹೇಳಿದವರಲ್ಲ. ಫೋನಿನ ಸಂಖ್ಯೆಯಿರಲಿ, ಔಷಧದ ಚೀಟಿಯ ಮೇಲಿನ ಸಂಖ್ಯೆಯಿರಲಿ, ಕಣ್ಣು ಮುಚ್ಚಿ, ಬಲಗೈಯ ಹೆಬ್ಬೆರಳನ್ನು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಊರುತ್ತ, ಅಂಕಿಯ ಬೆನ್ನಿಗೆ ಅಂಕಿಯನ್ನು ಬಿಡಿಬಿಡಿಯಾಗಿ ಇಳಿಸಿ, ಕೊನೆಯದು ಇಳಿದ ಮೇಲೆ ಕಣ್ಣು ತೆರೆದು, ಎದುರಿನವರ ಮುಖವನ್ನೇ ನೋಡುತ್ತ, "ತಿರುಗಿ ಹೇಳ್ರಿ" ಎನ್ನುತ್ತಿದ್ದರು. ತಿರುಗಿ ಹೇಳದ ಹೊರತು ಮಾತು ಮುಂದಕ್ಕೆ ಸಾಗುತ್ತಿರಲಿಲ್ಲ. ಗೋಪನಕೊಪ್ಪದ ಅವರ ಮನೆಯ ವಿಳಾಸವನ್ನು ನಾನು ಮೊದಲ ಸಲ ಫೋನಿನಲ್ಲಿ ಕೇಳಿದಾಗ, "ಮನಿ ನಂಬರ ಸೊನ್ನಿ, ಸೊನ್ನಿ, ಒಂದು, ಏಳು" ಎಂದರು. ಹದಿನೇಳೇ ಎಂದು ಕೇಳಿದೆ. "ಹದಿನೇಳಲ್ರಿ ಸರ. ಸೊನ್ನಿ, ಸೊನ್ನಿ, ಒಂದು, ಏಳು. ತಿರುಗಿ ಹೇಳ್ರಿ."

ಹೋಗಿ ನೋಡಿದರೆ, ಬಾಗಿಲಿಗೆ ಬಡಿದ ತಗಡಿನ ಫಲಕದಲ್ಲಿ ಅಚ್ಚಾಗಿದ್ದದ್ದು ಬರಿಯ ಹದಿನೇಳು. ಅದರ ಎಡಕ್ಕೆ, ಬೇರೆ ಕೈಯಿಂದ, ಬಿಳಿಯ ಬಣ್ಣದಲ್ಲಿ, ಎರಡು ಸೊನ್ನೆಗಳನ್ನು ಬರೆಯಲಾಗಿತ್ತು. ಅವರ ಪತ್ನಿ ನಾಗರತ್ನಾ ನೀರಿನ ತಂಬಿಗೆ ಇಡುತ್ತ ಹೇಳಿದರು: "ಇವರು ಬಣ್ಣಾ ಹಚ್ಚಾಕತ್ತಾಗ ಓಣಿ ಮಂದಿಯೆಲ್ಲಾ ನಿಂತು ನಕ್ಕರ್ರಿ. ಸೊನ್ನಿ ಬರದ್ರ ಮನಿ ಬೆಲಿ ಏರತದೇನ್ರಿ ಬಾಳಿಕಾಯಿ ಅವರ, ಅಂತ." ಆಕೆಯೂ ನಕ್ಕರು. ಅವರು ನಗಲಿಲ್ಲ.

ಹುಬ್ಬಳ್ಳಿ-ಧಾರವಾಡದ ಕಚೇರಿಗಳಲ್ಲಿ ಬಾಳು ಸವೆಸಿದ ಕಾರಕೂನರ ನೆನಪುಗಳನ್ನು ಧ್ವನಿಮುದ್ರಿಸಿಕೊಳ್ಳುವ ಕೆಲಸದಲ್ಲಿ ಕೆಲವು ವರ್ಷಗಳಿಂದ ತೊಡಗಿರುವ ನಾನು, ಬಾಳಿಕಾಯಿ ಅವರನ್ನು ಏಳು ಸಲ ಕಂಡು ಹನ್ನೊಂದು ಗಂಟೆಗಳ ಮಾತನ್ನು ಸಂಗ್ರಹಿಸಿದ್ದೇನೆ. ಖಾಸಗಿ ವಿಮಾ ಕಂಪನಿಯೊಂದರ ಹುಬ್ಬಳ್ಳಿ ಶಾಖೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಕಳೆದ ವರ್ಷದ ಕೊನೆಯಲ್ಲಿ ನಿವೃತ್ತರಾದವರು ಅವರು. ಊರೂರು ತಿರುಗಿ ಪಾಲಿಸಿ ಮಾಡಿಸುವ ಪ್ರತಿನಿಧಿಗೆ ಲೈಸೆನ್ಸ್ ಇರಬೇಕು. ಆ ಲೈಸೆನ್ಸಿನ ಸಂಖ್ಯೆ ವಿಮಾ ಪ್ರಾಧಿಕಾರದ ದಾಖಲೆಯಲ್ಲಿರುವ ಸಂಖ್ಯೆಗೆ ತಾಳೆಯಾಗಬೇಕು. ತಾಳೆಯಾಗುತ್ತದೆಯೋ ಇಲ್ಲವೋ ಎಂದು ನೋಡುವುದೇ ಅವರ ಉದ್ಯೋಗ. ಲೋಕದ ಕಣ್ಣಿಗೆ ಬೀಳುವ ಕೆಲಸವಲ್ಲ. ಆದರೆ ಮನುಷ್ಯನೊಬ್ಬ ತಾನು ಹೇಳಿಕೊಂಡವನೇ ಹೌದೋ ಎಂಬುದನ್ನು ನಿಶ್ಚಯಿಸುವ ಕೆಲಸವೆಂಬ ಗಾಂಭೀರ್ಯ ಅವರ ಬೆನ್ನಿನಲ್ಲಿ, ಕತ್ತಿನಲ್ಲಿ, ಪೆನ್ನು ಹಿಡಿಯುವ ಬೆರಳುಗಳಲ್ಲಿ ಸದಾ ನೆಲೆಸಿತ್ತು.

ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲೂ ಅವರ ಮೈಮೇಲೆ ಕಂದು ಬಣ್ಣದ ಉಣ್ಣೆಯ ಕೋಟು ಇರುತ್ತಿತ್ತು. ಮೊಣಕೈಗಳಲ್ಲಿ ನವೆದು ಜಾಳಾದ ಆ ಕೋಟಿನ ಎಡ ಒಳಜೇಬಿನ ಮೇಲೆ ಅಂಗೈಯನ್ನು ಒತ್ತಿಹಿಡಿದು, ಆ ಬದಿಗೆ ತುಸು ವಾಲಿ, ಗೋಡೆಗಳ ಅಂಚು ಹಿಡಿದು ಅವರು ನಡೆಯುವುದನ್ನು ಕಂಡು, ಹೃದಯದ ಬೇನೆಯಿರಬೇಕೆಂದು ನಾನು ಮೊದಲ ಮೂರು ಭೇಟಿಗಳವರೆಗೂ ತಿಳಿದಿದ್ದೆ. ಆ ಮೂರು ಭೇಟಿಗಳಲ್ಲಿ ಅವರು ಹೇಳಿದ್ದೆಲ್ಲ ಬಡೇಸಾಬರ ಕಥೆ. ಬಡೇಸಾಬರೆಂದರೆ ಹದಿನಾರು ವರ್ಷ ಅವರ ಎದುರು ಮೇಜಿನಲ್ಲಿ ಕುಳಿತ ಗುಮಾಸ್ತ. ಒಬ್ಬರು ಲೈಸೆನ್ಸಿನ ಕಾರ್ಡು ನೋಡಿ ಓದುವುದು, ಇನ್ನೊಬ್ಬರು ರಿಜಿಸ್ಟರಿನಲ್ಲಿ ಬೆರಳಿಟ್ಟು ತಿರುಗಿ ಹೇಳಿ ಗುರುತು ಹಾಕುವುದು, ಬಳಿಕ ಪಾತ್ರ ಬದಲಿಸಿ ಅದನ್ನೇ ಮತ್ತೊಮ್ಮೆ ಓದುವುದು. ಇದು ಅವರಿಬ್ಬರ ನಿತ್ಯಕ್ರಮ. ಬಡೇಸಾಬರು ನಿವೃತ್ತರಾದ ಮೇಲೆ ಆ ಕುರ್ಚಿಗೆ ಯಾರೂ ಬರಲಿಲ್ಲ. ಓದಲು ಒಬ್ಬರೇ ಉಳಿದರು, ಕೇಳಲು ಗೋಡೆಯಿತ್ತು.

ನಾಲ್ಕನೆಯ ಭೇಟಿಯಲ್ಲಿ, ನಾನು ಕೇಳದೆಯೇ, ಒಳಜೇಬಿಗೆ ಕೈ ಹಾಕಿ ಪ್ಲಾಸ್ಟಿಕ್ ಹೊದಿಕೆಯ ಹಳದಿಗಟ್ಟಿದ ಲೈಸೆನ್ಸ್ ಕಾರ್ಡೊಂದನ್ನು ಹೊರತೆಗೆದು ಮೇಜಿನ ಮೇಲಿಟ್ಟರು. ಮೂವತ್ತರ ಪ್ರಾಯದ ಹೆಣ್ಣುಮಗಳ ಭಾವಚಿತ್ರ, ಕೆಳಗೆ ಹೆಸರು: ರೇಣವ್ವ, ಶಿರಗುಪ್ಪಿ. ಅದರ ಕೆಳಗೆ ಎರಡು ಸೊನ್ನೆಗಳಿಂದ ಮೊದಲಾಗುವ ಒಂದು ಸಂಖ್ಯೆ.

"ಇದು ಆಕಿ ಮನ್ಯಾಗ ಇರಬೇಕಾದದ್ದು ಸರ" ಎಂದರು. "ನನ್ನ ಕಡೆ ಐತಿ."

ಕಥೆ ನಡೆದದ್ದು ಅವರ ಸೇವೆಯ ಕೊನೆಯ ವರ್ಷದಲ್ಲಿ. ಕೇಂದ್ರ ಕಚೇರಿಯಿಂದ ಹೊಸ ತಂತ್ರಾಂಶವೊಂದು ಬಂತು. ಹೆಸರು, ಸಂಖ್ಯೆಗಳ ಪಟ್ಟಿಯನ್ನು ಇಡಿಯಾಗಿ ಅದಕ್ಕೆ ಉಣಿಸಿದರೆ ಸಾಕು. ದಿನಕ್ಕೆ ಹನ್ನೆರಡರಂತೆ ಬಾಳಿಕಾಯಿ ಅವರು ತಿಂಗಳುಗಟ್ಟಲೆ ನೋಡುತ್ತಿದ್ದುದನ್ನು ಅದು ನಾಲ್ಕು ನಿಮಿಷಗಳಲ್ಲಿ ನೋಡಿ ಮುಗಿಸಿ, ತಾಳೆಯಾದ ಸಾಲಿಗೆ ಹಸಿರು, ತಾಳೆಯಾಗದ ಸಾಲಿಗೆ ಕೆಂಪು ಬಳಿಯುತ್ತಿತ್ತು. ಅದನ್ನು ನಡೆಸಲು ನೇಮಕವಾದ ಶಾಯಿಸ್ತಾ ಎಂಬ ತರುಣಿ, "ಕಾಕಾ, ನೀವು ಚಹಾ ಕುಡದ ಬರೂದ್ರಾಗ ಮುಗದಿರತೇತಿ ನೋಡ್ರಿ" ಎಂದು ಪ್ರೀತಿಯಿಂದಲೇ ಹೇಳಿದ್ದಳು. ಆದರೆ ಪಟ್ಟಿ ಇದ್ದದ್ದು ರಿಜಿಸ್ಟರಿನಲ್ಲಿ. ಸಾವಿರದ ನೂರಕ್ಕೂ ಹೆಚ್ಚು ಪ್ರತಿನಿಧಿಗಳ ಸಂಖ್ಯೆಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಬಾಳಿಕಾಯಿ ಅವರ ಪಾಲಿಗೆ ಬಂತು. ಎರಡು ತಿಂಗಳು ಹಿಡಿಯಿತು. ಶಾಖೆಯ ವ್ಯವಸ್ಥಾಪಕ ಪ್ರತಾಪ ಪ್ರತಿದಿನ ಮೇಜಿನ ಬಳಿ ನಿಂತು, "ಬಾಳಿಕಾಯಿ ಅವರ, ನೀವು ಮುಗಸೂದ್ರಾಗ ಏಜಂಟರ ಮೊಮ್ಮಕ್ಕಳಿಗೆ ಲೈಸೆನ್ಸ್ ಬಂದಿರತಾವ" ಎಂದು ನಗಿಸುತ್ತಿದ್ದ.

ಶಾಖೆ ತೆರೆದ ಮೊದಲ ವರ್ಷದ ಮೂವತ್ತೇಳು ಪ್ರತಿನಿಧಿಗಳ ಸಂಖ್ಯೆಗಳು ಮಾತ್ರ ಎರಡು ಸೊನ್ನೆಗಳಿಂದ ಮೊದಲಾಗುತ್ತಿದ್ದವು. ಬಾಳಿಕಾಯಿ ಅವರು ಬೆರಳಚ್ಚಿಸುತ್ತಿದ್ದಂತೆ ಪರದೆ ಆ ಸೊನ್ನೆಗಳನ್ನು ನುಂಗಿ ಉಳಿದದ್ದನ್ನು ಮಾತ್ರ ತೋರಿಸುತ್ತಿತ್ತು.

"ಕಂಡಿಲ್ಲ ಅಂದ್ರ ಸುಳ್ಳಾಗತೇತಿ ಸರ. ಕಂಡಿತ್ತು" ಎಂದರು. "ಹಿಂದಿನ ಸೊನ್ನಿಗೆ ಬೆಲಿ ಐತಿ, ಮುಂದಿನ ಸೊನ್ನಿಗೆ ಏನು ಬೆಲಿ ಅಂತ ಸಾಲ್ಯಾಗ ಕಲಿಸಿದ್ದು ನೆನಪಾತು. ಎಲ್ಲಾರೂ ಲಗೂ ಲಗೂ ಅನ್ನಾಕತ್ತಿದ್ರು. ಬಡೇಸಾಬ ಇದ್ದಿದ್ರ ಓದತಿದ್ದ. ನಾ ತಿರುಗಿ ಹೇಳತಿದ್ದೆ. ಆವತ್ತ ನಾನೂ ಲಗೂ ಅಂದೆ."

ಇಪ್ಪತ್ತೆರಡು ವರ್ಷಗಳಲ್ಲಿ ಅವರು ಅವಸರ ಮಾಡಿದ್ದು ಆ ಒಂದು ಮಧ್ಯಾಹ್ನ.

ಪಟ್ಟಿಯಲ್ಲಿ ಮೂವತ್ತೇಳು ಸಾಲುಗಳು ಕೆಂಪಾದವು. ಸಾಲು ಕೆಂಪಾದೊಡನೆ ಪ್ರತಿನಿಧಿಗೆ ಒಂದು ಪತ್ರವೂ ಆತನ ಗ್ರಾಹಕರೆಲ್ಲರ ಮೊಬೈಲಿಗೆ ಒಂದು ಸಂದೇಶವೂ ತಾವಾಗಿಯೇ ಹೋಗುವ ಏರ್ಪಾಡಿತ್ತು: "ನಿಮ್ಮ ಪ್ರತಿನಿಧಿಯ ಪರವಾನಗಿ ದೃಢಪಟ್ಟಿಲ್ಲ. ಅವರೊಡನೆ ವ್ಯವಹರಿಸಬೇಡಿ." ಹುಬ್ಬಳ್ಳಿಯೊಳಗಿನ ಪ್ರತಿನಿಧಿಗಳು ಶಾಖೆಗೆ ನುಗ್ಗಿ ಗದ್ದಲ ಮಾಡಿ, ಕಾಗದಗಳ ನಕಲುಗಳನ್ನು ಎಸೆದು ಹೋದರು, ಆ ನಕಲುಗಳನ್ನು ಯಾರೂ ಬಿಡಿಸಿ ನೋಡದೆ ಕಟ್ಟುಕಟ್ಟಾಗಿ ಕೇಂದ್ರ ಕಚೇರಿಗೆ ಕಳಿಸಲಾಯಿತು. ಯಂತ್ರ ಹೇಳಿದ ಮೇಲೆ ನೋಡುವುದೇನೆಂದು ಬಾಳಿಕಾಯಿ ಅವರೂ ಸುಮ್ಮನಿದ್ದರು. ರೇಣವ್ವ ಮಾತ್ರ ಬರಲಿಲ್ಲ; ಜಗಳವಾಡಲಿಲ್ಲ; ಫೋನೂ ಮಾಡಲಿಲ್ಲ. ಹನ್ನೊಂದನೆಯ ದಿನ ಶಿರಗುಪ್ಪಿಯ ಬಸ್ಸಿನ ಕಂಡಕ್ಟರ್ ಒಂದು ಲಕೋಟೆ ತಂದುಕೊಟ್ಟ. ಒಳಗೆ ಈ ಕಾರ್ಡು, ಜೊತೆಗೊಂದು ಚೀಟಿ: "ಅಣ್ಣಾರ, ಇದು ಖೊಟ್ಟಿ ಅಂತ ನೀವ ಹೇಳಿದ ಮ್ಯಾಲ ನಮ್ಮ ಮನ್ಯಾಗ ಇಡೂದು ಬ್ಯಾಡ."

ಬಾಳಿಕಾಯಿ ಅವರು ಕಾರ್ಡನ್ನು ಹಿಡಿದು ಶಾಯಿಸ್ತಾಳನ್ನು ಕರೆದು, ಬಡೇಸಾಬರ ಖಾಲಿ ಕುರ್ಚಿಯಲ್ಲಿ ಕೂರಿಸಿ, ಪರದೆ ನೋಡಿ ಓದು ಎಂದರು. ಅವಳು "ನಾಕು" ಎಂದು ಆರಂಭಿಸಿದಳು. ಅವರ ಬೆರಳು ಕಾರ್ಡಿನ ಮೇಲೆ ಮೊದಲ ಸೊನ್ನೆಯಲ್ಲಿಯೇ ನಿಂತಿತ್ತು.

"ಕಾಕಾ" ಎಂದಳು ಹುಡುಗಿ, ಅವರ ಕೈ ನೋಡಿ. "ಮುಂದಿನ ಎರಡು ಸೊನ್ನಿ ಇಲ್ಲೇ ಇಲ್ಲಲ್ರಿ!"

ಸೊನ್ನೆಗಳನ್ನು ಸೇರಿಸಿ ಪಟ್ಟಿಯನ್ನು ಮತ್ತೆ ಉಣಿಸಿದರು. ನಾಲ್ಕು ನಿಮಿಷಗಳಲ್ಲಿ ಮೂವತ್ತೇಳೂ ಸಾಲುಗಳು ಹಸಿರಾದವು. ಯಂತ್ರ ಸುಳ್ಳು ಹೇಳಿರಲಿಲ್ಲ. ಅದಕ್ಕೆ ಕೊಟ್ಟ ಸಂಖ್ಯೆಯೇ ತಪ್ಪಾಗಿತ್ತು. "ಇನ್ನ ಇವರಿಗೆ ಪತ್ರಾ ಕಳಸು" ಎಂದರು. ಶಾಯಿಸ್ತಾ ಹುಡುಕಿದಳು, ಮೇಲಿನಿಂದ ಕೆಳಗೆ ಮತ್ತೆ ಹುಡುಕಿದಳು.

"ಹಸಿರಿಗೆ ಪತ್ರಾ ಇಲ್ರಿ ಕಾಕಾ. ಕೆಂಪಿಗೆ ಅಷ್ಟ ಐತಿ."

ತಪ್ಪು ತನ್ನದೇ ಎಂದು ಅವರು ಲಿಖಿತ ಹೇಳಿಕೆ ಕೊಟ್ಟು, ಮೂವತ್ತೇಳೂ ಮಂದಿಯ ಗ್ರಾಹಕರಿಗೆ ತಿದ್ದುಪಡಿಯ ಸಂದೇಶ ಹೋಗಬೇಕೆಂದು ಬೇಡಿದರು. ಸರಿಯಿರುವುದನ್ನು ಸರಿಯಿದೆಯೆಂದು ತಿಳಿಸುವ ಪದ್ಧತಿಯಿಲ್ಲವೆಂದು ಕೇಂದ್ರ ಕಚೇರಿ ಉತ್ತರಿಸಿತು. ಪ್ರತಾಪ ಹೆಗಲ ಮೇಲೆ ಕೈಯಿಟ್ಟು, "ಬಿಡ್ರಿ, ರಿಟಾಯರ್ ಆಗೂ ಹೊತ್ತಿನ್ಯಾಗ ಯಾಕ ತಲಿ ಕೆಡಿಸ್ಕೋತೀರಿ" ಎಂದ. ಅವರಿಗೆ ಶಿಕ್ಷೆಯಾಗಲಿಲ್ಲ. ಆಗಿದ್ದರೆ ಹಗುರವಾಗುತ್ತಿದ್ದರೇನೋ. ಹುಬ್ಬಳ್ಳಿಯ ಪ್ರತಿನಿಧಿಗಳಿಗೆ ಫೋನಿನಲ್ಲೇ ಕ್ಷಮೆ ಕೇಳಿದರು. ಅವರು ಬೈದು, ತಮ್ಮ ತಮ್ಮ ಗ್ರಾಹಕರನ್ನು ತಾವೇ ಕಂಡು ಸರಿಪಡಿಸಿಕೊಂಡರು. ಬಾಳಿಕಾಯಿ ಅವರು ರೇಣವ್ವನ ಕಾರ್ಡನ್ನು ಒಳಜೇಬಿನಲ್ಲಿಟ್ಟುಕೊಂಡು ಮುಂದಿನ ಭಾನುವಾರ ಶಿರಗುಪ್ಪಿಯ ಬಸ್ಸು ಹತ್ತಿದರು.

ರೇಣವ್ವ ಆ ಊರಿನಲ್ಲಿ ಕೇವಲ ವಿಮೆಯ ಪ್ರತಿನಿಧಿಯಾಗಿರಲಿಲ್ಲ. ಅರ್ಜಿಯಲ್ಲಿ ಜನ್ಮದಿನಾಂಕ ಬರೆಯಬೇಕಾದ್ದರಿಂದ, ಇಪ್ಪತ್ತೆರಡು ವರ್ಷಗಳಲ್ಲಿ ತನ್ನ ಗ್ರಾಹಕರ ಮನೆಗಳಲ್ಲಿ ಹುಟ್ಟಿದ ಪ್ರತಿ ಕೂಸಿನ ದಿನ, ವೇಳೆಗಳನ್ನು ಆಕೆ ಒಂದು ದಪ್ಪ ಡೈರಿಯಲ್ಲಿ ಬರೆದಿಟ್ಟಿದ್ದಳು. ಕೂಸು ಹುಟ್ಟಿದರೆ ಮೊದಲು ರೇಣವ್ವನ ಮನೆಗೆ ಬಂದು ಬರೆಸುವುದು, ಸಾಲೆಗೆ ಹಚ್ಚುವಾಗ, ಮದುವೆ ಗೊತ್ತು ಮಾಡುವಾಗ ಬಂದು ಕೇಳುವುದು ಊರಿನ ರೂಢಿಯಾಗಿತ್ತು. ಆ ಬೆಳಗ್ಗೆ ಅರವತ್ನಾಲ್ಕು ಮನೆಗಳಲ್ಲಿ ಒಮ್ಮೆಲೇ ಮೊಬೈಲು ಸದ್ದು ಮಾಡಿದ ಮೇಲೆ ಯಾರೂ ಬರಲಿಲ್ಲ. ಬಾಳಿಕಾಯಿ ಅವರು ಹೋದಾಗ ಬಾಗಿಲ ಪಕ್ಕದ ನೀಲಿ ಫಲಕವನ್ನು ಆಕೆ ಆಗಲೇ ಇಳಿಸಿಬಿಟ್ಟಿದ್ದಳು. ಗೋಡೆಯ ಮೇಲೆ ಅದರ ಅಳತೆಯ ಬಿಳುಪು ಉಳಿದಿತ್ತು.

"ನಿಮ್ಮದು ಖರೇ ಐತ್ರಿ ರೇಣವ್ವಾರ. ತಪ್ಪು ನಂದು" ಎಂದು ಕಾರ್ಡು ಚಾಚಿದರು.

ಆಕೆ ಕೈ ಮುಂದೆ ಮಾಡಲಿಲ್ಲ. "ನಂದು ಖರೇ ಅಂತ ನನಗ ಗೊತ್ತೈತ್ರಿ ಅಣ್ಣಾರ. ಊರಿಗೆ ಯಾರು ಹೇಳೋರು?"

"ನಾ ಹೇಳತೇನ್ರಿ."

ಹೇಳಿದರು. ಅರವತ್ನಾಲ್ಕು ಹೆಸರುಗಳ ಪಟ್ಟಿಯನ್ನು ಕೈಯಿಂದಲೇ ಬರೆದುಕೊಂಡು, ನಿವೃತ್ತಿಗೆ ಮುಂಚಿನ ಭಾನುವಾರಗಳಲ್ಲೂ ಅನಂತರದ ಭಾನುವಾರಗಳಲ್ಲೂ ಅವರು ಶಿರಗುಪ್ಪಿಯ ಓಣಿಗಳನ್ನು ತಿರುಗಿದರು. ಮನೆಯ ಬೇರೆಯವರಿಗೆ ಹೇಳಿ ಬರುವ ಮನುಷ್ಯನಲ್ಲ. ಪಾಲಿಸಿಯಲ್ಲಿ ಯಾರ ಹೆಸರಿದೆಯೋ ಅವರೇ ಕಿವಿಯಾರೆ ಕೇಳಬೇಕು. ಹತ್ತಿ ಬಿಡಿಸಲು ಹೋದವರಿಗಾಗಿ ಎರೆಮಣ್ಣಿನ ದಾರಿಯಲ್ಲಿ ಹೊಲದವರೆಗೂ ನಡೆಯುತ್ತಿದ್ದರು. ಪಟ್ಟಿಯಲ್ಲಿ ಕೊನೆಗೆ ಉಳಿದ ಹೆಸರು ಹುಚ್ಚಪ್ಪನದು. ಆ ಭಾನುವಾರ ನಾನೂ ಜೊತೆಗಿದ್ದೆ. ಕಟ್ಟೆಯ ಮೇಲೆ ಕುಳಿತಿದ್ದ ಆ ಹಿರಿಯ ದೂರದಿಂದಲೇ ಕೂಗಿದ: "ಬರ್ರಿ ಬರ್ರಿ ಕೋಟಿನ ಸಾಹೇಬ್ರ! ನಿಮ್ಮ ಮಶೀನ ಈ ವಾರ ಯಾರನ್ನ ಖೊಟ್ಟಿ ಮಾಡೇತಿ?"

ಬಾಳಿಕಾಯಿ ಅವರು ಕೋಟಿನ ಗುಂಡಿ ಸರಿಪಡಿಸಿಕೊಂಡು, ಕಣ್ಣು ಮುಚ್ಚಿ, ನ್ಯಾಯಾಲಯದಲ್ಲಿ ನಿಂತವರಂತೆ ಹೇಳಿದರು: "ರೇಣವ್ವನ ಲೈಸೆನ್ಸ್ ಖರೇ ಐತಿ. ತಪ್ಪು ಆಫೀಸಿಂದು. ತಿರುಗಿ ಹೇಳ್ರಿ."

"ಅಯ್ಯ, ಆ ಮೆಸೇಜು ನಾವೇನು ನಂಬಿದ್ದಿಲ್ಲ ಬಿಡ್ರಿ."

"ಆದ್ರೂ ತಿರುಗಿ ಹೇಳ್ರಿ."

"ರೇಣವ್ವನ ಲೈಸೆನ್ಸ್ ಖರೇ ಐತಿ, ತಪ್ಪು ಆಫೀಸಿಂದು. ಸಾಕೇನ್ರಿ? ಸಾಲಿ ಮಾಸ್ತರಾಗಬೇಕಿತ್ತ ನೀವು!" ಕಟ್ಟೆಯಲ್ಲಿದ್ದವರೆಲ್ಲ ನಕ್ಕರು.

ನಂಬಿದ್ದಿಲ್ಲ ಬಿಡ್ರಿ. ಅರವತ್ನಾಲ್ಕು ಮನೆಗಳಲ್ಲಿ ಅರವತ್ನಾಲ್ಕು ಮಂದಿಯೂ ಹೇಳಿದ ಮಾತು ಅದೇ ಎಂದು ದಾರಿಯಲ್ಲಿ ಬಾಳಿಕಾಯಿ ಅವರು ಹೇಳಿದಾಗ ಅವರ ನಡಿಗೆಯಲ್ಲಿ ನಾನು ಹಿಂದೆಂದೂ ಕಾಣದ ಲವಲವಿಕೆಯಿತ್ತು.

ರೇಣವ್ವ ನಮಗೆ ಚಹಾ ಕೊಟ್ಟು, ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಸರು ಹೆಸರಿನ ಮುಂದಿನ ಗುರುತನ್ನೂ ಬೆರಳಿನಿಂದ ಮುಟ್ಟಿ ನೋಡಿದಳು.

"ಎಲ್ಲಾರೂ ಹೇಳಿದ್ರೇನ್ರಿ?"

"ಎಲ್ಲಾರೂ ಹೇಳ್ಯಾರ್ರಿ. ತಿರುಗಿ ಹೇಳ್ಯಾರ. ಆ ಮೆಸೇಜು ನಂಬಿದ್ದಿಲ್ಲ ಅಂದಾರ."

"ನಿಮ್ಮ ಮುಂದ ಹೇಳ್ಯಾರ." ಗೋಡೆಯ ಮಾಡದಿಂದ ಡೈರಿ ತೆಗೆದು ಕೊನೆಯ ಹಾಳೆ ಬಿಡಿಸಿದಳು. ಕೊನೆಯ ಬರಹ ಆ ಸಂದೇಶ ಬಂದ ವಾರದ ಹಿಂದಿನದು. ಅದರ ಕೆಳಗೆ ಗೆರೆಗಳು ಮಾತ್ರ ಇದ್ದವು. "ಹುಚ್ಚಪ್ಪನ ಮಗಳಿಗೆ ಹೋದ ತಿಂಗಳ ಹೆಣ್ಣು ಹುಟ್ಟೇತಿ. ನಂಬಿದ್ದಿಲ್ಲ ಅಂದ್ರ, ಹುಟ್ಟಿದ ದಿನಾ ಬರಸಾಕ ಯಾಕ ಬರಲಿಲ್ರಿ ಅಣ್ಣಾರ?"

ಅವರು ಕಾರ್ಡನ್ನು ಮತ್ತೊಮ್ಮೆ ಚಾಚಿದರು. ಆಕೆ ಅವರ ಬೆರಳುಗಳನ್ನು ಮೆಲ್ಲಗೆ ಅದರ ಮೇಲೆಯೇ ಮಡಿಸಿದಳು. ಆ ಸ್ಪರ್ಶದಲ್ಲಿ ಸಿಟ್ಟಿರಲಿಲ್ಲ. "ನಿಮ್ಮ ಕಡೇನ ಇರ್ಲಿ. ಇಲ್ಲಿಟ್ಟು ಯಾರಿಗೆ ತೋರಸ್ಲಿ?"

ಹಿಂತಿರುಗುವ ಬಸ್ಸಿನಲ್ಲಿ ಅವರ ಎಡ ಅಂಗೈ ಒಳಜೇಬಿನ ಮೇಲಿತ್ತು. ಟಿಕೆಟಿನ ಮೇಲಿನ ಸಂಖ್ಯೆಯನ್ನು ತುಟಿಯಲ್ಲೇ ಓದಿಕೊಂಡು ನನ್ನ ಕಡೆ ತಿರುಗಿದರು. "ತಿರುಗಿ ಹೇಳ್ರಿ" ಎಂದು ಮಾತ್ರ ಅನ್ನಲಿಲ್ಲ.

ನಮ್ಮ ಕಚೇರಿಗಳಲ್ಲಿ ಇಂಥವರ ಒಂದು ಸಂತತಿಯಿತ್ತು. ಪರರ ನಿಜವನ್ನು ತಮ್ಮ ಉಸಿರಿನಲ್ಲಿ ಓದಿ, ಮತ್ತೊಬ್ಬರ ಕಿವಿಯಲ್ಲಿ ಪರೀಕ್ಷಿಸಿ, ಆಮೇಲಷ್ಟೇ ಗುರುತು ಹಾಕುತ್ತಿದ್ದವರು. ಅವರೂ ತಪ್ಪುತ್ತಿದ್ದರು, ಆದರೆ ಅವರ ತಪ್ಪು ಒಬ್ಬರಿಂದ ಒಬ್ಬರಿಗೆ ನಡೆದುಹೋಗುವಷ್ಟು ನಿಧಾನವಾಗಿತ್ತು, ಹಿಂದೆಯೇ ನಡೆದುಹೋಗಿ ಹಿಡಿಯಬಹುದಾಗಿತ್ತು. ಈಗ ತಪ್ಪು ಒಂದು ಮುಂಜಾನೆ ಅರವತ್ನಾಲ್ಕು ಮನೆಗಳನ್ನು ಏಕಕಾಲಕ್ಕೆ ಹೊಕ್ಕುಬಿಡುತ್ತದೆ. ನಿಜವೋ ಕೋಟು ತೊಟ್ಟು, ಬಸ್ಸು ಹತ್ತಿ, ಮನೆಯಿಂದ ಮನೆಗೆ ಕಾಲ್ನಡಿಗೆಯಲ್ಲಿ ಹೋಗಬೇಕು. ಹೋದಲ್ಲೆಲ್ಲ ಅದಕ್ಕೆ ಕೂರಲು ಕಟ್ಟೆ, ಕುಡಿಯಲು ಚಹಾ, ಕೇಳಿದ ಮಾತಿಗೆ ಮಾರುಮಾತು ಎಲ್ಲವೂ ಸಿಗುತ್ತದೆ. ಆದರೆ ಅದರ ಮಾತು ಕೇಳಿ ಎದ್ದು, ಎರಡು ಓಣಿ ದಾಟಿ, ರೇಣವ್ವನ ಬಾಗಿಲಿಗೆ ಕೂಸಿನ ಜನ್ಮದಿನ ಬರೆಸಲು ಹೋಗುವವರು ಸಿಗುವುದಿಲ್ಲ.