ಪಂಕಜಾಕ್ಷಿ ಟೀಚರ್ ಚಪ್ಪಾಳೆ ತಟ್ಟುತ್ತಿರಲಿಲ್ಲ

ಭಾಷಣ ಮುಗಿದು ಸಭೆಯೆಲ್ಲ ಚಪ್ಪಾಳೆಯಲ್ಲಿ ಮುಳುಗಿರುವಾಗಲೂ ಎರಡು ಕೈಗಳು ಮಾತ್ರ ಕಪ್ಪು ಕೊಡೆಯೊಂದರ ಬಾಗಿದ ಹಿಡಿಯ ಮೇಲೆ ಅಲುಗಾಡದೆ ಕೂತಿರುತ್ತಿದ್ದವು. ಅವು ಪಂಕಜಾಕ್ಷಿ ಟೀಚರರ ಕೈಗಳು. ಐವತ್ತಾರರಲ್ಲಿ ಕುಂದಾಪುರದಲ್ಲಿ ಚಿಂತನ ಕೂಟ ಹುಟ್ಟಿದಂದಿನಿಂದ ಮುಂದಿನ ಹದಿನೈದು ವರ್ಷ, ಯಾವ ವಿದ್ವಾಂಸರು ಬಂದು ಯಾವ ವಿಷಯದ ಮೇಲೆ ಮಾತಾಡಿದರೂ ಹೆಂಗಸರ ಸಾಲಿನ ಮೊದಲ ಬೆಂಚಿನ ತುದಿಯಲ್ಲಿ ಅವರು ಇದ್ದೇ ಇರುತ್ತಿದ್ದರು, ಮತ್ತು ಆ ಹದಿನೈದು ವರ್ಷಗಳಲ್ಲಿ ಅವರು ಚಪ್ಪಾಳೆ ತಟ್ಟಿದ್ದನ್ನು ಕಂಡವರಿಲ್ಲ. ಕೇಳಿದರೆ ಹೇಳುತ್ತಿದ್ದುದು ಇಷ್ಟೇ: "ಹೇಳಿದ್ದ್ ಸಮಾ ಇತ್ತಾ ಇಲ್ಯಾ ಅಂದೇಳಿ ಮನಿಗ್ ಹೋಯಿ ಎಣ್ಸ್ಕಲ್ದಾ? ಇಲ್ಲೇ ಚಪ್ಪಾಳೆ ಹೊಡ್ದ್ರೆ ಹ್ಯಾಂಗ್?"

ತೆಳ್ಳಗೆ ಎತ್ತರದ ಹೆಂಗಸು. ನಡೆಯುವಾಗ ರಸ್ತೆಯ ಅಂಚನ್ನು ಹಿಡಿದು, ಯಾರೋ ಹಿಂದಿನಿಂದ ಕರೆಯುತ್ತಿದ್ದಾರೆ, ಆದರೆ ತಾನು ಕೇಳಿಸಿಕೊಳ್ಳಬಾರದು ಎಂಬಂಥ ವೇಗದಲ್ಲಿ ಹೋಗುವರು. ಅಂಚಿನ ಬಣ್ಣ ಮಾಸಿದ ಬೂದು ಸೀರೆ, ಬರಿಯ ಹಣೆ, ಬರಿಯ ಕೈ. ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದರು. ತರಗತಿಯಲ್ಲಿ ಅವರದು ಅಚ್ಚಿನ ಪುಸ್ತಕದ ಭಾಷೆ, ಆದರೆ ಸಭೆಯಲ್ಲಿ ಪ್ರಶ್ನೆ ಕೇಳಲು ಎದ್ದು ನಿಂತರೆ ಮೊದಲ ಮೂರು ಪದಗಳು ಮಾತ್ರ ತಪ್ಪದೆ ಮನೆಯ ಭಾಷೆಯಲ್ಲಿ ಬರುತ್ತಿದ್ದವು: "ಒಂದ್ ಮಾತ್ ಕೇಂತೆ." ಅಲ್ಲಿಂದ ಮುಂದೆ ಗ್ರಾಂಥಿಕ ಕನ್ನಡ ಹೊಳೆಯಂತೆ ಹರಿಯುವುದು. ಪಂಚವಾರ್ಷಿಕ ಯೋಜನೆಯ ಮೇಲೆ ಒಂದೂವರೆ ಗಂಟೆ ಮಾತಾಡಿದ ಅರ್ಥಶಾಸ್ತ್ರಜ್ಞರೊಬ್ಬರನ್ನು, "ಒಂದ್ ಮಾತ್ ಕೇಂತೆ. ಗೃಹಿಣಿಯರ ಪರಿಶ್ರಮವನ್ನು ತಾವು ರಾಷ್ಟ್ರೀಯ ಉತ್ಪನ್ನದ ಯಾವ ವಿಭಾಗದಲ್ಲಿ ಗಣಿಸಿದ್ದೀರಿ?" ಎಂದು ಕೇಳಿದಾಗ ಆ ಮಹನೀಯರು ನೀರು ಕುಡಿದರು. ಕುಟುಂಬ ಯೋಜನೆಯ ಉಪನ್ಯಾಸಕ್ಕೆ ಬಂದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಹಿಂಬಾಗಿಲಿನಿಂದ ಜಾರಿಹೋದರೂ ಅವರೊಬ್ಬರೇ ಕೊನೆಯವರೆಗೆ ಕೂತು ಎರಡು ಪ್ರಶ್ನೆ ಕೇಳಿದ್ದರು. ಅಧ್ಯಕ್ಷರು ಅಷ್ಟು ಹೊತ್ತೂ ಮಾಡಿನ ಹಂಚು ನೋಡುತ್ತಿದ್ದರಂತೆ.

ಕೂಟದ ಕಾರ್ಯದರ್ಶಿ ಅವರ ಅಣ್ಣ, ವಕೀಲ ವಿಷ್ಣುಮೂರ್ತಿ ಹೇರ್ಳೆ. ಪರವೂರಿನ ಭಾಷಣಕಾರರಿಗೆ ಊಟ, ಬಿಡಾರ ಎಲ್ಲ ಹೇರ್ಳೆಯವರ ಮನೆಯಲ್ಲೇ. ಆ ಮನೆಯಲ್ಲಿ ಪಂಕಜಾಕ್ಷಿ ವಿಧವೆಯಾಗಿ ಇದ್ದರು. ಹದಿನೈದನೆಯ ವರ್ಷದಲ್ಲಿ ಅವರನ್ನು ಉಪ್ಪುಂದದ ಮಹಾಲಿಂಗನಿಗೆ ಕೊಟ್ಟು ಮದುವೆ ಮಾಡಿದ್ದರು. ಮಹಾಲಿಂಗ ಬೊಂಬಾಯಿಯ ಬಂದರಿನ ಹತ್ತಿರದ ಹೋಟೆಲಿನಲ್ಲಿದ್ದ. ಮಳೆಗಾಲಕ್ಕೊಮ್ಮೆ ಊರಿಗೆ ಬರುತ್ತಿದ್ದ. ಮಾತಿಗೆ ಮೊದಲು ಮೂರು ಸಲ ಗಂಟಲು ಸರಿಪಡಿಸಿಕೊಳ್ಳುವುದು ಅವನ ಅಭ್ಯಾಸ. ಹಾಗೆ ಬಂದ ಒಂದು ವರ್ಷ, ಹೆಂಡತಿ ಅಕ್ಕಿಮುಡಿಯ ಹಿಂದೆ ಅಡಗಿಸಿಟ್ಟುಕೊಂಡು ಓದುತ್ತಿದ್ದ ಎರಡು ಪುಸ್ತಕಗಳನ್ನು ಬಚ್ಚಲ ಒಲೆಗೆ ಹಾಕಿ, ಅವು ಪೂರ್ತಿ ಉರಿಯುವ ತನಕ ಅವಳನ್ನು ಅಲ್ಲೇ ನಿಲ್ಲಿಸಿದ್ದ. ನಲವತ್ತನಾಲ್ಕರ ಏಪ್ರಿಲಿನಲ್ಲಿ ಬೊಂಬಾಯಿಯ ಬಂದರಿನಲ್ಲಿ ಹಡಗು ಸಿಡಿದು ನೂರಾರು ಜನ ಸತ್ತಾಗ ಮಹಾಲಿಂಗನೂ ಕಾಣೆಯಾದ. ತಿಂಗಳ ಮೇಲೆ, ಅವನು ಸತ್ತನೆಂದು ಹೋಟೆಲಿನವರ ಕಾಗದ ಬಂತು. ಹತ್ತೊಂಬತ್ತು ವರ್ಷದ ತಂಗಿಯನ್ನು ಅಣ್ಣ ಕರೆತಂದ. ತಲೆ ಬೋಳಿಸಬೇಕೆಂದ ಹಿರಿಯರನ್ನೆಲ್ಲ ಎದುರು ಹಾಕಿಕೊಂಡು ಓದಿಸಿದ, ಟ್ರೈನಿಂಗ್ ಮಾಡಿಸಿದ, ಕೆಲಸಕ್ಕೆ ಸೇರಿಸಿದ. ವರ್ಷವರ್ಷವೂ ಚೈತ್ರದಲ್ಲಿ ಭಾವನ ತಿಥಿಯನ್ನು, ಮಾಡುವ ಮಕ್ಕಳಿಲ್ಲವೆಂದು, ತನ್ನ ಮನೆಯಲ್ಲೇ ತಾನೇ ಮಾಡಿದ.

ಐವತ್ತೇಳರಲ್ಲಿ ಟೀಚರ್ ಶಾಲೆಯ ಹುಡುಗಿಯರನ್ನು ಕೊಲ್ಲೂರಿಗೆ ಕರೆದುಕೊಂಡು ಹೋಗಿದ್ದರು. ದೇವಸ್ಥಾನದ ಹೊರಗಿನ ಬಳೆ ಅಂಗಡಿಯ ಮುಂದೆ ಒಬ್ಬ ಮನುಷ್ಯ ಪುಟ್ಟ ಹುಡುಗಿಯೊಬ್ಬಳ ಕೈ ಹಿಡಿದು ಬಳೆ ತೊಡಿಸುತ್ತಿದ್ದ. ಪಕ್ಕದಲ್ಲಿ ದುಂಡುಮುಖದ ಹೆಂಗಸು. ಆ ಮನುಷ್ಯ ಮೂರು ಸಲ ಗಂಟಲು ಸರಿಪಡಿಸಿಕೊಂಡು ಅಂಗಡಿಯವನೊಡನೆ ಏನೋ ಅಂದ. ಹದಿಮೂರು ವರ್ಷದ ಹಿಂದೆ ಸತ್ತವನ ಗಂಟಲು ಅದು. ಅವನೂ ತಿರುಗಿದ, ಕಂಡ, ಗುರುತಿಸಿದ. ಕೈಯಲ್ಲಿದ್ದ ಬಳೆಗಳು ಕೆಳಗೆ ಬಿದ್ದು ಒಡೆದವು. ಏನೂ ಹೇಳಬೇಡವೆಂದು ಅವನ ಕಣ್ಣುಗಳು ಅಂಗಲಾಚಿದವು. ಟೀಚರ್ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ಎಣಿಸಿ, ಊಟಕ್ಕೆ ಕರೆದುಕೊಂಡು ಹೋದರು.

ಆ ವಿಷಯ ಅಣ್ಣನಿಗೆ ಹೇಳಲಿಲ್ಲ. ಅತ್ತಿಗೆಗೆ ಹೇಳಲಿಲ್ಲ. ದಿನಾ ಒಟ್ಟಿಗೆ ಶಾಲೆಗೆ ಹೋಗಿಬರುವ ಲೆಕ್ಕದ ಟೀಚರ್ ಕುಸುಮಾವತಿ ಶೆಡ್ತಿಗೂ ಹೇಳಲಿಲ್ಲ. ಹೇಳಿದ್ದು ಆರು ವರ್ಷದ ಮೇಲೆ, ಒಬ್ಬ ಅತಿಥಿಗೆ.

ಪ್ರೊಫೆಸರ್ ಉಮಾನಾಥರಾಯರು ಮೈಸೂರಿನ ಕಡೆಯವರು, ಕಾದಂಬರಿಕಾರರೆಂದು ಹೆಸರಾದವರು. ಅರವತ್ತಮೂರರಲ್ಲಿ ಅವರು ಕೂಟಕ್ಕೆ ಬಂದು ಮಾತಾಡಿದ ಮರುದಿನ, ಬಸ್ಸು ತಪ್ಪಿ ಸಂಜೆಯವರೆಗೆ ಹೇರ್ಳೆಯವರ ಮನೆಯಲ್ಲೇ ಉಳಿಯಬೇಕಾಯಿತು. ಅಣ್ಣ ಕೋರ್ಟಿಗೆ ಹೋಗಿದ್ದ. ಊಟಕ್ಕೆ ಬಡಿಸಿದ ಟೀಚರರೊಡನೆ ರಾಯರು, ಹಿಂದಿನ ದಿನ ಸಭೆಯಲ್ಲಿ ಟೀಚರ್ ಕೇಳಿದ ಪ್ರಶ್ನೆಯನ್ನೇ ನೆನೆದು ಮಾತಾಡಿದರು. ಯಾವ ಪುಸ್ತಕ ಓದಿದ್ದೀರಿ, ಏನನ್ನಿಸಿತು ಎಂದು ಕೇಳಿದರು. ಕೇಳಿ, ಉತ್ತರಕ್ಕೆ ಕಾದರು. ಯಾರೂ ಅವರನ್ನು ಹಾಗೆ ಕೇಳಿ ಕಾದಿರಲಿಲ್ಲ. ಮಜ್ಜಿಗೆ ಬಡಿಸುವ ಹೊತ್ತಿಗೆ ಟೀಚರರ ಬಾಯಿಂದ ಕೊಲ್ಲೂರಿನ ಸಂಗತಿ ಹೊರಗೆ ಬಂದಿತ್ತು. ರಾಯರ ಕಣ್ಣು ತೇವವಾಯಿತು. "ಇದು ನನ್ನಲ್ಲೇ ಇರುತ್ತದೆ, ತಾಯಿ" ಎಂದರು.

ಅರವತ್ತಾರರ ಜನವರಿಯಲ್ಲಿ ರಾಯರು ಮತ್ತೆ ಬಂದರು. ವಿಷಯ, "ಇಂದಿನ ಸಮಾಜ ಮತ್ತು ಹೆಣ್ಣಿನ ಮೌನ." ಶಾಲೆಯ ಸಭಾಂಗಣ ತುಂಬಿ ಕಿಟಕಿಯ ಹೊರಗೂ ಜನ. ಟೀಚರ್ ತಮ್ಮ ಬೆಂಚಿನ ತುದಿಯಲ್ಲಿ, ಪಕ್ಕದಲ್ಲಿ ಕುಸುಮಾವತಿ. ರಾಯರು ಮುಕ್ಕಾಲು ಗಂಟೆ ಸೊಗಸಾಗಿ ಮಾತಾಡಿದರು. ಆಮೇಲೆ ದನಿ ತಗ್ಗಿಸಿ, "ಒಂದು ಉದಾಹರಣೆ ಕೊಡುತ್ತೇನೆ. ಕಲ್ಪನೆಯಲ್ಲ. ಇದೇ ಕರಾವಳಿಯ ಒಬ್ಬ ಬಾಲವಿಧವೆ..." ಎಂದರು.

ಮೊದಲ ವಾಕ್ಯಕ್ಕೆ ಟೀಚರರಿಗೆ ಅರ್ಥವಾಗಲಿಲ್ಲ. ಯಾರೋ ಪಾಪದವಳು ಎಂದುಕೊಂಡರು. ಬೊಂಬಾಯಿಯ ಬಂದರು ಎಂಬ ಮಾತು ಬಂದಾಗ ತಲೆ ಎತ್ತಿದರು. ಬಳೆ ಅಂಗಡಿ ಬಂದಾಗ ಅದು ತಾನೇ ಎಂದು ತಿಳಿಯಿತು. ವೇದಿಕೆಯ ಮೇಲಿನ ಮನುಷ್ಯನ ತುಟಿಗಳು ಅಲುಗುತ್ತಿದ್ದವು, ಮಾತು ಬಹಳ ದೂರದಿಂದ ಬರುತ್ತಿತ್ತು. ತನ್ನ ಮೈಯ ಒಳಗಿನ ಒಂದು ಕೋಣೆಯನ್ನು ಇನ್ನೂರು ಜನರ ಮುಂದೆ ಬೀಗ ತೆಗೆದು ತೋರಿಸುತ್ತಿದ್ದಾರೆ, ಮತ್ತು ಜನ ಆಸಕ್ತಿಯಿಂದ ಇಣುಕುತ್ತಿದ್ದಾರೆ. ಕುಸುಮಾವತಿ ಅವರ ಕೈ ಮುಟ್ಟಿ ಬೆಚ್ಚಿದರು. "ಎಂತ ಆಯ್ತ್ ಪಂಕಜಾಕ್ಷಿ? ಕೈ ಎಲ್ಲ ತಣ್ಣಗಾಯ್ತಲೆ!"

ಹೆಸರು ಹೇಳಲಿಲ್ಲ, ನಿಜ. ಆದರೆ ಕುಂದಾಪುರದಲ್ಲಿ ಬೊಂಬಾಯಿಯ ಬಂದರಿನಲ್ಲಿ ಗಂಡನನ್ನು ಕಳೆದುಕೊಂಡ ಬಾಲವಿಧವೆಯರು ಎಷ್ಟು ಮಂದಿ? ಹಿಂದಿನ ಸಾಲಿನಲ್ಲಿ ಪಿಸುಮಾತು ಎದ್ದಿತು. ವೇದಿಕೆಯ ಅಂಚಿನ ಕುರ್ಚಿಯಲ್ಲಿದ್ದ ಅಣ್ಣ ಮೆಲ್ಲನೆ ತಲೆ ಎತ್ತಿ ತಂಗಿಯ ಕಡೆ ನೋಡಿದ.

ರಾಯರು ಮುಕ್ತಾಯಕ್ಕೆ ಬಂದಿದ್ದರು. "ಆಕೆ ಏನು ಮಾಡಿದಳು? ಕಂಬವನ್ನು ತಬ್ಬಿ ಅತ್ತಳು. ಹೆದರಿ ತುಟಿ ಹೊಲಿದುಕೊಂಡಳು. ಇಂದಿಗೂ ಆ ಕಣ್ಣೀರನ್ನು ನುಂಗುತ್ತಲೇ ಬದುಕಿದ್ದಾಳೆ. ಇದು ನಮ್ಮ ಹೆಣ್ಣಿನ ಮೌನ!"

ಚಪ್ಪಾಳೆ ಸಿಡಿಯಿತು. ಅದು ನಿಲ್ಲುವ ಮೊದಲೇ ಟೀಚರ್ ಎದ್ದು ನಿಂತಿದ್ದರು. ಕುಸುಮಾವತಿ ಸೆರಗು ಜಗ್ಗಿದರು: "ಕೂತ್ಕಣಿ, ಕೂತ್ಕಣಿ ಮರಾಯ್ರೆ." ಕೂರಲಿಲ್ಲ.

"ಒಂದ್ ಮಾತ್ ಕೇಂತೆ... ಅಲ್ಲ, ಕೇಂಬುದಲ್ಲ. ಹೇಳ್ತೆ."

ಆ ದಿನ ಗ್ರಾಂಥಿಕ ಕನ್ನಡ ಬರಲೇ ಇಲ್ಲ.

"ನೀವ್ ಹೇಳಿದ ಹೆಂಗ್ಸ್ ನಾನೇ. ಆರೆ ನೀವ್ ಹೇಳಿದ್ ಹಾಂಗಲ್ಲ. ನಾ ಕಂಬ ಹಿಡ್ಕಂಡ್ ಮರ್ಕಲಿಲ್ಲೆ. ಹೆದ್ರಿ ಸುಮ್ನಾದ್ದೂ ಅಲ್ಲ. ಮಕ್ಕಳ್ನ್ ಕರ್ಕಂಡ್ ಹೋಯಿ ಊಟಕ್ ಕೂತೆ. ಪಾಯ್ಸ ಎರಡ್ ಸರ್ತಿ ಹಾಕ್ಸ್ಕಂಡೆ."

ಹಿಂದೆಲ್ಲೋ ಯಾರೋ ನಗಲು ಹೊರಟು ನಿಲ್ಲಿಸಿದರು.

"ಅವ್ರ್ನ್ ಕರ್ದಿರೆ ನಾ ಮತ್ತೆ ಉಪ್ಪುಂದದ ಅಡ್ಗಿಮನಿಗ್ ಹೋಯ್ಕಿತ್ತ್. ನಂಗೆ ಸೋಮವಾರ ಶಾಲಿಗ್ ಹೋಪುಕಿತ್ತ್. ಬೊಂಬಾಯಿಂದ ಬಂದದ್ದ್ ಬರೀ ಕಾಗ್ದ; ಅವ್ರ್ ಸತ್ತದ್ದ್ ನಾ ಕಣ್ಣಾರೆ ಕಂಡದ್ದ್ ಕೊಲ್ಲೂರಲ್ಲಿ. ಇದ್ನೆಲ್ಲ ನಾ ಸಭಿಗ್ ಹೇಳಿ ಅಂದೇಳಿ ನಿಮ್ಗ್ ಹೇಳಿದ್ದಲ್ಲ. ಆರೂ ನೀವ್ ಹೇಳ್ದ್ರಿ. ಹೇಳುದಾರೆ ಸಮಾ ಹೇಳ್ಕಿತ್ತ್."

ಕೊಡೆಯನ್ನು ಬಗಲಿಗೆ ಸಿಕ್ಕಿಸಿಕೊಂಡು ನಡುವಿನ ಹಾದಿಯಲ್ಲಿ ನಡೆದು ಹೊರಗೆ ಹೋದರು. ಇನ್ನೂರು ಜನರಿದ್ದ ಸಭಾಂಗಣದಲ್ಲಿ ಅವರ ಚಪ್ಪಲಿಯ ಸದ್ದು ಮೆಟ್ಟಿಲಿಳಿಯುವ ತನಕ ಕೇಳಿಸಿತು. ಆ ಸಂಜೆ ವಂದನಾರ್ಪಣೆ ನಡೆಯಲಿಲ್ಲ. ಅದನ್ನು ಮಾಡಬೇಕಾದವನು ಕಾರ್ಯದರ್ಶಿ, ಮತ್ತು ಕಾರ್ಯದರ್ಶಿ ಕುರ್ಚಿಯಿಂದ ಏಳಲಾರದೆ ಕೂತಿದ್ದ.

ಮನೆಯ ಜಗಲಿಯಲ್ಲಿ ಅಣ್ಣ ತಂಗಿಯನ್ನು ಕೇಳಿದ್ದು ಒಂದೇ ಪ್ರಶ್ನೆ. ಸಭೆಯಲ್ಲಿ ಮಾನ ಹೋದದ್ದರ ಬಗ್ಗೆಯಲ್ಲ, ಮಹಾಲಿಂಗ ಎಲ್ಲಿದ್ದಾನೆ ಎಂದೂ ಅಲ್ಲ. "ಒಂಬತ್ ವರ್ಷ, ಪಂಕಜಾ. ಒಂಬತ್ ವರ್ಷ ಬದ್ಕಿದ್ದವ್ನಿಗೆ ನನ್ನ್ ಕೈಯಲ್ಲಿ ಪಿಂಡ ಇಡ್ಸ್ದೆ. ನಾ ಇಟ್ಟದ್ದ್ ಕಾಂತಾ ನಿಂತಿದ್ದೆ ಅಲ್ದಾ ನೀನ್?"

ಆ ತಿಥಿಗಳ ಅಡುಗೆಯನ್ನೆಲ್ಲ ಟೀಚರೇ ಮಾಡಿದ್ದರು. ಅಣ್ಣ ಉಪವಾಸವಿದ್ದು, ಒದ್ದೆ ಪಂಚೆಯಲ್ಲಿ ಕೂತು, ಮನಸಾರೆ ಎಳ್ಳುನೀರು ಬಿಟ್ಟದ್ದನ್ನು ನೋಡಿದ್ದರು. ತನ್ನ ಬಿಡುಗಡೆಯನ್ನು ಕಾಪಾಡಿಕೊಳ್ಳುವ ಭರದಲ್ಲಿ, ತನಗಾಗಿ ಊರನ್ನೇ ಎದುರಿಸಿದ ಈ ಮನುಷ್ಯನನ್ನು ವರ್ಷವರ್ಷವೂ ವಂಚಿಸುತ್ತಿದ್ದೇನೆಂಬುದು ಅವರಿಗೆ ಒಂದು ಸಲವೂ ಹೊಳೆದಿರಲಿಲ್ಲ.

"ತಪ್ಪಾಯ್ತ್ ಅಣ್ಣಯ್ಯ" ಎಂದರು. ಅಣ್ಣ ಒಳಗೆ ಹೋದ. ಮರುದಿನ ಟೀಚರ್ ಒಂದು ಟ್ರಂಕಿನೊಡನೆ ಕುಸುಮಾವತಿಯ ಮನೆಗೆ ಹೋದರು.

ಊರು ಎರಡು ಪಂಗಡವಾಯಿತು. ಗಂಡನಿರುವವಳು ಕುಂಕುಮ ಇಡಬೇಕೆಂದು ಕೆಲವರು. ಇಟ್ಟರೆ ಯಾರ ಹೆಸರಿನಲ್ಲಿ ಎಂದು ಕೆಲವರು. ಸಹಿಯಿಲ್ಲದ ಕಾಗದವೊಂದು ಶಾಲೆಗೆ ಬಂತು. ಇನ್ಸ್‌ಪೆಕ್ಟರು ಬಂದು ಟೀಚರರ ಪಾಠ ಕೇಳಿ, ಬರೆಯುವುದಕ್ಕೆ ಏನೂ ಸಿಗದೆ ಹೋದರು. ಟೀಚರ್ ಹಣೆಯನ್ನೂ ಕೈಯನ್ನೂ ಇದ್ದ ಹಾಗೇ ಇಟ್ಟುಕೊಂಡರು. ಮಹಾಲಿಂಗನ ಸುದ್ದಿ ಬರಲಿಲ್ಲ, ಬಂದಿದ್ದರೂ ಹೇಳಿಕೊಳ್ಳುವವರಿರಲಿಲ್ಲ.

ಮಾರ್ಚಿನಲ್ಲಿ ಕುಸುಮಾವತಿ ಬ್ರಹ್ಮಾವರದ ನೆಂಟರ ಮನೆಗೆ ಹೋಗಿ ಬಂದವರು ಏದುಸಿರು ಬಿಡುತ್ತಾ ಒಳಗೆ ಬಂದರು. "ಹ್ವಾಯ್, ಕೇಂಡ್ರ್ಯಾ? ಆ ಪ್ರೊಫೆಸರ್ ಬ್ರಹ್ಮಾವರದಂಗೆ ಭಾಷಣ ಮಾಡಿರ್. ಕುಂದಾಪ್ರದ ಸಭೆಯಂಗೆ ಒಬ್ಳ್ ಹೆಂಗ್ಸ್ ಎದ್ದ್ ನಿಂತ್ ಹೀಂಗೀಂಗೆ ಅಂದ್ಲ್ ಅಂದೇಳಿ ಎಲ್ಲ ಹೇಳಿರ್! ಜನ ಎದ್ ನಿಂತ್ ಚಪ್ಪಾಳೆ ಹೊಡ್ದ್ರ್ ಅಂಬ್ರ್!"

ಬೈಗುಳಕ್ಕಿಂತ, ಊರಿನ ಪಿಸುಮಾತಿಗಿಂತ ಇದು ಟೀಚರರನ್ನು ಹೆಚ್ಚು ದಂಗುಬಡಿಸಿತು. ನೋವಿನಿಂದ ಆಡಿದ ಮಾತನ್ನೂ ಆ ಮನುಷ್ಯ ಮುಂದಿನ ಊರಿಗೆ ಉದಾಹರಣೆಯಾಗಿ ಹೊತ್ತುಕೊಂಡು ಹೋಗಿದ್ದ. "ಅವ್ರಿಗ್ ಬ್ಯಾರೆ ಕೆಲ್ಸ ಗೊತ್ತಿಲ್ಲೆ" ಎಂದು ಹೇಳಿ ಮಕ್ಕಳ ಪ್ರಬಂಧ ತಿದ್ದಲು ಕೂತರು.

ಚೈತ್ರ ಬಂತು. ಆ ತಿಥಿಯ ದಿನ ಬೆಳಿಗ್ಗೆ ಹೇರ್ಳೆಯವರು ಕುಸುಮಾವತಿಯ ಮನೆಯಂಗಳದಲ್ಲಿ ನಿಂತಿದ್ದರು. ಕೋರ್ಟಿನ ಕಪ್ಪು ಕೋಟು ತೊಟ್ಟಿದ್ದರು, ಕೋರ್ಟಿಗೆ ರಜೆಯಿದ್ದರೂ. ಮೂರು ತಿಂಗಳ ಮೇಲೆ ತಂಗಿಗೆ ಆಡಿದ ಮೊದಲ ಮಾತು: "ಭಟ್ರಿಗೆ ಬಪ್ಪುದ್ ಬ್ಯಾಡ ಅಂದೆ."

ಟೀಚರ್ ಬಾಗಿಲಿಗೆ ಬಂದರು.

"ಊಟಕ್ ಬಾ. ನಿನ್ನ್ ಅತ್ಗಿ ಬದನೆಕಾಯಿ ಹುಳಿ ಮಾಡಿತ್" ಎಂದು ಹೇಳಿ, ಉತ್ತರಕ್ಕೆ ಕಾಯದೆ, ತಿರುಗಿ ಗೇಟಿನತ್ತ ನಡೆದರು. ಕೊಲ್ಲೂರಿನಲ್ಲಿ ಅಳದಿದ್ದ ಹೆಂಗಸು, ಇನ್ನೂರು ಜನರ ಮುಂದೆ ಅಳದಿದ್ದ ಹೆಂಗಸು, ಅಲ್ಲಿ ಕುಸುಮಾವತಿಯ ಹೆಗಲಿಗೆ ಮುಖವಿಟ್ಟು ಅತ್ತರು. ಊಟಕ್ಕೆ ಹೋದರು. ಮನೆಗೆ ಮಾತ್ರ ಮರಳಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಬಾಡಿಗೆಗೆ ಹಿಡಿದು, ಭಾನುವಾರಗಳಲ್ಲಿ ಅಣ್ಣನ ಮನೆಗೆ ಬಂದುಹೋಗುತ್ತಿದ್ದರು. ಉಪನ್ಯಾಸಗಳನ್ನೂ ಬಿಡಲಿಲ್ಲ. ಎಪ್ಪತ್ತೊಂದರಲ್ಲಿ ಕೂಟ ನಿಂತುಹೋಗುವವರೆಗೆ ಬಂದರು, ಕೂತರು, ಕೇಳಿದರು.

ನಮ್ಮ ಊರುಗಳ ಸಭೆಗಳಲ್ಲಿ ಇಂಥವರು ಇರುತ್ತಾರೆ. ಅವರ ಹೆಸರು ಕರಪತ್ರದಲ್ಲಿರುವುದಿಲ್ಲ, ಫೋಟೋದಲ್ಲಿ ಅವರ ಮುಖ ಯಾರದೋ ತಲೆಯ ಹಿಂದೆ ಅರ್ಧ ಮುಚ್ಚಿರುತ್ತದೆ. ದೇಶದ ಸ್ಥಿತಿ, ಹೆಣ್ಣಿನ ಪಾಡು, ಬಡವನ ಬವಣೆ ಎಂದು ವೇದಿಕೆಯ ಮೇಲಿನವರು ಮಾತಾಡುವಾಗ ಆ ಪಾಡೂ ಆ ಬವಣೆಯೂ ಎದುರಿನ ಬೆಂಚಿನಲ್ಲೇ, ತೊಳೆದ ಸೀರೆಯುಟ್ಟು, ಗಮನವಿಟ್ಟು ಕೇಳುತ್ತಾ ಕೂತಿರುತ್ತವೆ. ಉದಾಹರಣೆಗಳು ಎದ್ದು ನಿಂತು ಮಾತಾಡುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಎಷ್ಟೋ ಒಳ್ಳೆಯ ಭಾಷಣಗಳು ನಿಂತಿವೆ.