ಎಡೆಯ ಮೇಲಿನ ಬೀಡಿ

ಗುರುಗುಂಟಾದ ಸೂಗಪ್ಪ ಎರಡು ಸಲ ಅಮರೇಶ್ವರನ ಆಣೆ ಮಾಡಿ ಬೀಡಿ ಬಿಟ್ಟಿದ್ದ. ಎರಡು ಸಲವೂ ಮತ್ತೆ ಹಚ್ಚಿದ್ದ. ತೊಂಬತ್ತೊಂಬತ್ತನೆಯ ಇಸವಿಯಲ್ಲಿ ತಮ್ಮ ತಾಯಪ್ಪ ಕೆಮ್ಮಿ ಕೆಮ್ಮಿ ಉಸಿರು ಕಟ್ಟಿ ಮಣ್ಣಾದ ಮೇಲೆ ಅವನು ದೇವರ ಹೆಸರು ಎತ್ತಲಿಲ್ಲ. ಸುಳ್ಳು ಆಣೆಯ ಭಾರ ಸಾಕಾಗಿತ್ತು. ಬಸ್ಸು ಹತ್ತಿ ಲಿಂಗಸುಗೂರಿಗೆ ಹೋಗಿ, ತಮ್ಮನನ್ನು ನೋಡಿದ್ದ ಡಾಕ್ಟರ ಮುಂದೆಯೇ ಕೂತ.

ಡಾಕ್ಟರು ಅವನ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. "ತಮ್ಮನ ಎದಿಯಾಗ ಕೇಳಿದ್ದೇ ನಿನ್ನ ಎದಿಯಾಗೂ ಶುರು ಆಗೇತಿ. ಬಿಡ್ತೀ?"

"ಬಿಡಬೇಕಂತನ ಬಂದೀನ್ರೀ. ನನ್ನ ಕೈಲೆ ಆಗವಲ್ದು."

ಡಾಕ್ಟರು ಚೀಟಿ ಬರೆದರು. ಹೊಸ ಗುಳಿಗೆ, ಹೈದರಾಬಾದಿನಿಂದ ತರಿಸಬೇಕು. ಮೊದಲ ವಾರ ಬೀಡಿ ಸೇದುತ್ತಲೇ ಗುಳಿಗೆ ನುಂಗಬೇಕು. ವಾರ ತುಂಬಿದ ದಿನ ಬೀಡಿ ಬಿಡಬೇಕು, ಗುಳಿಗೆ ಮಾತ್ರ ಬಿಡಬಾರದು.

"ಗುಳಿಗಿ ಬಂದು ನಿನ್ನ ಕೈ ಹಿಡಿಯಂಗಿಲ್ಲ. ಆಸೆ ಕಡಿಮಿ ಮಾಡ್ತೈತಿ, ಅಷ್ಟೇ. ಒಂದು ದಮ್ಮು ಎಳದಿ ಅಂದ್ರ ಮತ್ತ ಹಳೇ ದಾರಿನೇ."

ಸೂಗಪ್ಪ ಹೇಳಿದಂತೆಯೇ ಮಾಡಿದ. ಬಾಯಿ ಒಣಗಿತು, ನಿದ್ದೆ ತೆಳ್ಳಗಾಯಿತು. ಕುರಿ ಮೇಯಿಸುವಾಗ ಕೈ ತಾನಾಗಿ ಕಿಸೆ ತಡಕುತ್ತಿತ್ತು. ಅಲ್ಲಿ ಹೆಂಡತಿ ಆದಮ್ಮ ತುಂಬಿಕೊಟ್ಟ ಪುಟಾಣಿ ಕಡಲೆ ಸಿಗುತ್ತಿತ್ತು.

"ಕುರಿ ಕಾಯೋ ಸೂಗ ಕುದುರಿ ಹಂಗ ಕಡ್ಲಿ ತಿನ್ನಾಕತ್ಯಾನ" ಎಂದು ಜನ ನಕ್ಕರು. ಅವನೂ ನಕ್ಕ. ಹಟ ಬಿಡಲಿಲ್ಲ.

ಹೀಗಿರುವಾಗ ಹಿರಿಯರ ಅಮಾವಾಸ್ಯೆ ಬಂತು. ತಾಯಪ್ಪ ಹೋದ ಮೇಲೆ ಮೊದಲನೆಯದು. ಸತ್ತವರಿಗೆ ಪ್ರಿಯವಾದುದನ್ನೆಲ್ಲ ಎಡೆ ಇಡುವುದು ಆ ಮನೆತನದ ರೂಢಿ. ಹೋಳಿಗೆ, ಬದನೆಕಾಯಿ ಪಲ್ಯದ ಜೊತೆಗೆ ತಾಯಪ್ಪನಿಗೆ ಬೀಡಿಯೂ ಬೇಕು. ಮನೆಯ ಹಿರಿಮಗ ಅದನ್ನು ಬಾಯಲ್ಲಿಟ್ಟು ಹಚ್ಚಿ ಎಡೆಗಿಡಬೇಕು; ಪೂಜೆ ಮುಗಿದ ಮೇಲೆ ಪ್ರಸಾದವೆಂದು ಒಂದು ದಮ್ಮು ಎಳೆಯಬೇಕು. ಅಪ್ಪನ ಎಡೆಗೆ ಸೂಗಪ್ಪ ವರ್ಷವರ್ಷವೂ ಹಾಗೆಯೇ ಮಾಡಿಕೊಂಡು ಬಂದಿದ್ದ.

ಅಪ್ಪನ ತಮ್ಮ ಅಮರಗುಂಡಪ್ಪ ಬೀಡಿಯ ಕಟ್ಟನ್ನು ತಂದು ಎಡೆಯ ಪಕ್ಕ ಇಟ್ಟ. ಆ ವಾಸನೆಗೆ ಸೂಗಪ್ಪನ ಒಣಬಾಯಲ್ಲಿ ನೀರೂರಿತು.

"ಹಚ್ಚೋ ಸೂಗಾ, ಎಡಿ ಆರತೈತಿ."

"ನಾ ಬಾಯಾಗ ಇಡಂಗಿಲ್ಲ ಕಾಕಾ."

"ನಾಕು ಗುಳಿಗಿ ನುಂಗಿ ಹಿರೇರಿಗಿಂತ ದೊಡ್ಡಾವ ಆದೇನು? ನೀ ಪ್ರಸಾದ ಒಲ್ಲೆ ಅಂದ್ರ ತಾಯಪ್ಪ ಹಸಗೊಂಡು ಹೊಳ್ಳಿ ಹೋಗ್ತಾನ ನೋಡು!"

ಆ ಮಾತು ಎದೆಗೆ ನಾಟಿತು. ಹಿರಿಯರನ್ನು ಉಪವಾಸ ಕಳಿಸುವುದಕ್ಕಿಂತ ದೊಡ್ಡ ಪಾಪ ಸೂಗಪ್ಪನಿಗೆ ಗೊತ್ತಿರಲಿಲ್ಲ. ಬೆರಳುಗಳು ಬೀಡಿ ಎತ್ತಿಕೊಂಡವು. ಒಂದೇ ದಮ್ಮು; ತಮ್ಮನಿಗಾಗಿ. ಅಮರೇಶ್ವರನ ಆಣೆ ಮುರಿದಾಗಲೂ ಅವನು ಒಂದೇ ದಮ್ಮು ಎಂದೇ ಮುರಿದಿದ್ದ.

ಅವನು ಬೀಡಿಯನ್ನು ಬಾಯಿಗೆ ಒಯ್ಯಲಿಲ್ಲ. ಲೋಬಾನದ ಕೆಂಡಕ್ಕೆ ಅದರ ತುದಿ ಊರಿದ. ಹೊಗೆಯೆದ್ದ ಬೀಡಿಯನ್ನು ಎಡೆಯ ಅಂಚಿಗಿಟ್ಟು, ಕಿಸೆಯಿಂದ ಆ ಹೊತ್ತಿನ ಗುಳಿಗೆ ತೆಗೆದು ಅದರ ಪಕ್ಕದಲ್ಲಿ ಇಟ್ಟ. ಅಡ್ಡಬಿದ್ದ.

"ಇದೇನ್ ಹೊಸಾ ಪೂಜಿಲೇ?" ಎಂದು ಅಮರಗುಂಡಪ್ಪ ಗದರಿದ.

ಬಾಗಿಲ ಮರೆಯಲ್ಲಿದ್ದ ತಾಯಪ್ಪನ ಹೆಂಡತಿ ತಿಮ್ಮವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮುಂದೆ ಬಂದಳು. "ಮಾವಾರ, ಕಡೀ ದಿನ ಅವರು ಬೀಡಿ ಕೇಳಲಿಲ್ರಿ. ಕಿಡಕಿ ತಗೀ, ಗಾಳಿ ಬರಲಿ ಅಂದ್ರು. ಕಿಡಕಿ ಮೊದಲೇ ತಗದಿತ್ರಿ, ಅದನ್ನ ಅವರಿಗೆ ಹೇಳಾಕೂ ನನಗ ಆಗಲಿಲ್ಲ."

ಅಮರಗುಂಡಪ್ಪ ಎಡೆಯ ಕಡೆ ತಿರುಗಿ ಕೈಮುಗಿದ.

ಬೀಡಿ ತಾನೇ ಉರಿದು ದಾರದವರೆಗೆ ಬಂದು ಆರಿತು. ಸೂಗಪ್ಪ ಎಡೆಯ ಮೇಲಿನ ಗುಳಿಗೆಯನ್ನು ಕಣ್ಣಿಗೊತ್ತಿಕೊಂಡು, ಕಳಸದ ನೀರಿನೊಂದಿಗೆ ಪ್ರಸಾದವೆಂದು ನುಂಗಿದ.

ಉಳಿದ ಬೀಡಿಯ ಕಟ್ಟನ್ನು ಅಮರಗುಂಡಪ್ಪ ಸದ್ದಿಲ್ಲದೆ ತನ್ನ ಕಿಸೆಗೆ ಇಳಿಸಿಕೊಂಡು ಹೊರಟ. ಆ ಕಿಸೆ ಓಣಿಯ ತಿರುವು ದಾಟುವವರೆಗೂ ಸೂಗಪ್ಪನ ಕಣ್ಣು ಅದರ ಮೇಲೆಯೇ ಇತ್ತು. ಆಮೇಲೆ ಅವನು ಒಳಗೆ ಬಂದು, ಕಿಟಕಿಯ ಎರಡೂ ಕದ ತೆರೆದು, ತಮ್ಮನ ಎಡೆಯ ಮುಂದೆ ಊಟಕ್ಕೆ ಕೂತ.