ನಂಬರ್ ಬೇರೆಯಾದರೆ ಮಾತ್ರೆ ಬೇರೆ

ನ್ಯೂಫೌಂಡ್‌ಲ್ಯಾಂಡಿನ ಆ ಪುಟ್ಟ ದ್ವೀಪದಲ್ಲಿ ಯಾರ ಮನೆಗೆ ಯಾವ ಮಾತ್ರೆ ಬಂದರೂ ಅದು ಹೊಟ್ಟೆಗಿಳಿಯುವ ಮೊದಲು ಟ್ರಿಫಿ ಪಾರ್ಡಿಯ ಅಡುಗೆಮನೆ ಮೇಜನ್ನು ಹಾದುಹೋಗಬೇಕಿತ್ತು. ಶುಕ್ರವಾರದ ದೋಣಿಯಲ್ಲಿ ಆಚೆ ದಡದ ಔಷಧಿ ಅಂಗಡಿಯಿಂದ ಕಂದು ಕಾಗದದ ಚೀಲಗಳು ಬರುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಮುದುಕ ಮುದುಕಿಯರೆಲ್ಲ ಚೀಲ ಹಿಡಿದು ಹಾಜರ್. ಮದ್ದಿನ ಹೆಸರು ಓದಲು ಹೋದರೆ ನಾಲಿಗೆ ಹೊರಳುವುದಿಲ್ಲ ಎಂದು ಟ್ರಿಫಿ ಹೆಸರಿನ ಗೊಡವೆಗೇ ಹೋಗುತ್ತಿರಲಿಲ್ಲ. ಸರ್ಕಾರ ಪ್ರತಿ ಔಷಧಿಗೂ ಕೊಟ್ಟ ಎಂಟಂಕಿಯ ನಂಬರ್ ಸೀಸೆಯ ಚೀಟಿಯ ಮೇಲಿರುತ್ತದಲ್ಲ, ಅವಳಿಗೆ ಅದೊಂದಿದ್ದರೆ ಸಾಕು. ಮೊದಲು ತನ್ನ ನೋಟ್‌ಬುಕ್ಕಿನಲ್ಲಿ ಹುಡುಕುವಳು. ಅಲ್ಲಿಲ್ಲದಿದ್ದರೆ ಸರ್ಕಾರದ ವೆಬ್‌ಸೈಟಿನಲ್ಲಿ ಒತ್ತಿ ನೋಡುವಳು.

"ಇದು ಬಿಪಿಗೆ. ಇದು ಮಂಡಿಗೆ. ಇದು ಹೊಟ್ಟೆ ಉರಿಗೆ ಕಣಯ್ಯಾ, ಪಕ್ಕದ ಮನೆಯೋನು ಹೊಸ ದೋಣಿ ತಗೊಂಡಾಗ ನಿನಗೆ ಬರುತ್ತಲ್ಲ, ಆ ಉರಿಗಲ್ಲ!"

ಮೀನಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಪೆಟ್ಟಿಗೆಗಳ ಮೇಲೆ ನಂಬರ್ ಒತ್ತಿದ ಕೈ ಅವಳದು. ಅಲ್ಲಿ ಪೆಟ್ಟಿಗೆಯ ನಂಬರ್ ಬೇರೆ ಎಂದರೆ ಒಳಗಿನ ಮೀನೂ ಬೇರೆ. ಆ ಮಾತು ಒಂದು ದಿನವೂ ಸುಳ್ಳಾದದ್ದಿಲ್ಲ. ಸಮುದ್ರದಲ್ಲಿ ಮೀನು ಬರಿದಾಗಿ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಟ್ರಿಫಿಯನ್ನು ಕೇಳುವವರಿರಲಿಲ್ಲ. ಈ ಮಾತ್ರೆ ವಿದ್ಯೆಯಿಂದ ಮತ್ತೆ ಮನೆ ತುಂಬಿತು. ಜೊತೆಗೆ ತಲೆಯೂ ಸ್ವಲ್ಪ ತಿರುಗಿತು.

ಅಕ್ಟೋಬರಿನಲ್ಲಿ ಅವಳ ಗಂಡ ಲಿಯಾಂಡರನ ಚೀಲ ಬಂತು. ಅವನು ಹೃದಯದ ಬಡಿತ ಹತೋಟಿಯಲ್ಲಿಡಲು ದಿನಕ್ಕೊಂದು ಗುಲಾಬಿ ಮಾತ್ರೆ ನುಂಗುತ್ತಿದ್ದ. ಅದಿನ್ನೂ ಅರ್ಧ ಸೀಸೆ ಉಳಿದಿತ್ತು. ಈಗ ಬಂದದ್ದು ಬಿಳಿ ಮಾತ್ರೆ, ಹೊಸ ನಂಬರ್. ವೆಬ್‌ಸೈಟಿನಲ್ಲಿ ಒತ್ತಿದಳು. ಹೃದಯಕ್ಕೆ ಎಂದು ತೋರಿಸಿತು. ಅದರ ಕೆಳಗೆ ಸಣ್ಣಕ್ಷರದಲ್ಲಿ ಒಳಗಿನ ಮದ್ದಿನ ಹೆಸರೂ ಇತ್ತು, ಆದರೆ ಹೆಸರು ಓದುವುದು ಅವಳ ಪದ್ಧತಿಯಲ್ಲವಲ್ಲ. ಬೇಕಾದರೆ ಇನ್ನೊಂದು ಮಾತ್ರೆ ಸೇರಿಸೋಣ ಎಂದು ಹಿಂದಿನ ಸಲ ಡಾಕ್ಟರೂ ಅಂದಿದ್ದರು. ಎಂದಿನಂತೆ ಚೀಲವನ್ನು ಒಲೆಗೆ ತುರುಕಿ, ವಾರದ ಡಬ್ಬಿಯ ಏಳು ಗೂಡಿಗೂ ಗುಲಾಬಿಯ ಪಕ್ಕ ಬಿಳಿಯದನ್ನು ಹಾಕಿದಳು.

"ಎರಡ್ಯಾಕೇ?" ಎಂದ ಲಿಯಾಂಡರ್.

"ನಂಬರ್ ಬೇರೆ ಇದೆ, ಸುಮ್ನೆ ನುಂಗಿ."

ನುಂಗಿದ. ನಲವತ್ತು ವರ್ಷದಿಂದ ಅವಳು ಕೊಟ್ಟಿದ್ದನ್ನೆಲ್ಲ ನುಂಗಿದವನು. ಹನ್ನೊಂದನೆಯ ದಿನ ಸೌದೆ ತರಲು ಹೋದವನು ಕಣ್ಣು ಕತ್ತಲಿಟ್ಟು ಮೆಟ್ಟಿಲಿನಿಂದ ಬಿದ್ದ. ಸೊಂಟದ ಮೂಳೆ ಮುರಿಯಿತು. ಆಚೆ ದಡದ ಆಸ್ಪತ್ರೆಗೆ ಸೇರಿಸಿದರು.

ಆಸ್ಪತ್ರೆಯವರು ಅವನ ಮಾತ್ರೆಗಳ ಬಗ್ಗೆ ವಿಚಾರಿಸಿದ ಮೇಲೆ ಔಷಧಿ ಅಂಗಡಿಯ ಹುಡುಗಿ ಫೋನ್ ಮಾಡಿದಳು. "ಟ್ರಿಫಿ ಆಂಟೀ, ಕಂಪನಿ ಬದಲಾಗಿದೆ, ಹಳೇದನ್ನ ನಿಲ್ಲಿಸಿ ಅಂತ ಚೀಲದ ಮೇಲೆ ಹಳದಿ ಚೀಟಿ ಅಂಟಿಸಿದ್ನಲ್ಲ? ಮದ್ದು ಒಂದೇ ಆದ್ರೂ ಒಂದೊಂದು ಕಂಪನೀದಕ್ಕೆ ಒಂದೊಂದು ನಂಬರ್ ಇರುತ್ತೆ."

ಟ್ರಿಫಿ ಫೋನ್ ಇಟ್ಟವಳೇ ದೋಣಿ ಹತ್ತಿದಳು.

ಆಸ್ಪತ್ರೆಗೆ ಹೋದಾಗ ಡಾಕ್ಟರು ಮಂಚದ ಪಕ್ಕದಲ್ಲೇ ಇದ್ದರು. "ರಕ್ತದಲ್ಲಿ ಎರಡರಷ್ಟು ಮದ್ದು ಹೇಗೆ ಬಂತು?" ಎಂದು ಕೇಳುತ್ತಿದ್ದರು. ಟ್ರಿಫಿ ಬಾಯಿ ತೆರೆಯುವಷ್ಟರಲ್ಲಿ ಲಿಯಾಂಡರ್ ಅಂದ, "ನಂದೇ ತಪ್ಪು ಡಾಕ್ಟ್ರೇ. ತಗೊಂಡಿದ್ದು ಮರೆತು ಮತ್ತೆ ತಗೋತಿದ್ದೆ. ಇವಳು ನನ್ನ ಮಾತ್ರೆ ಮುಟ್ಟೋದೇ ಇಲ್ಲ."

ಒಂದು ಬೈಗುಳದಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದ, ಪಾಪ. ಡಾಕ್ಟರು ಅದನ್ನು ಬರೆದುಕೊಂಡರು.

ಎರಡು ವಾರದ ನಂತರ ಆಸ್ಪತ್ರೆಯವರು ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿದರು. ಸೊಂಟ ಮುರಿದಿದೆ, ಮರೆವು ಬೇರೆ, ದ್ವೀಪದಲ್ಲಿ ನರ್ಸ್ ಇಲ್ಲ. ಊರಾಚೆಯ ವೃದ್ಧರ ಆರೈಕೆ ಮನೆಯಲ್ಲಿ ಮಂಗಳವಾರ ಒಂದು ಮಂಚ ಖಾಲಿಯಾಗುತ್ತದೆ.

"ಮರೆವು ಇಲ್ಲದಿದ್ರೆ ಮನೇಗೇ ಕಳಿಸಬಹುದಿತ್ತು," ಎಂದಳು ಆಸ್ಪತ್ರೆಯ ಹೆಂಗಸು. "ಟ್ರಿಫಿಯವರೇ, ನೀವೇನಾದರೂ ಹೇಳೋದಿದೆಯಾ?"

ಲಿಯಾಂಡರ್ ಅವಳ ಕಡೆ ತಿರುಗಿದ. ಆ ಮುಖದಲ್ಲಿ ಸಿಟ್ಟಿರಲಿಲ್ಲ, ಬರೀ ಭಯವಿತ್ತು. ಮನೆಗೆ ಕರಕೊಂಡು ಹೋಗು ಎಂದು ಬೇಡುವ ಮುಖ.

ಒಂದು ಮಾತು ಆಡಿದ್ದರೆ ಸಾಕಿತ್ತು. ಆದರೆ ಆ ಮಾತು ದೋಣಿ ಹತ್ತಿ ತನಗಿಂತ ಮೊದಲೇ ದ್ವೀಪ ಮುಟ್ಟುತ್ತದೆ ಎಂದು ಟ್ರಿಫಿಗೆ ಗೊತ್ತಿತ್ತು. ಶುಕ್ರವಾರ ಮೇಜಿನ ಮುಂದೆ ಒಬ್ಬರೂ ಇರುವುದಿಲ್ಲ. ಅವಳು ಕೈಚೀಲ ತೆರೆದು ಕರ್ಚೀಫು ಹುಡುಕತೊಡಗಿದಳು. ಇಷ್ಟು ಸಣ್ಣ ಹೆಂಗಸು ತಾನೆಂದು ಅವಳಿಗೇ ಅದುವರೆಗೆ ತಿಳಿದಿರಲಿಲ್ಲ.

ಲಿಯಾಂಡರ್ ಮಂಗಳವಾರ ಹೋದ.

ಶುಕ್ರವಾರ ಅವನ ತಂಗಿ ಡ್ರೂಸಿ ಚೀಲ ಹಿಡಿದು ಬಂದಳು. ಅಣ್ಣನಿಗೆ ಅರಳುಮರಳಾಯಿತಲ್ಲ ಎಂದು ಒಂದು ಸುತ್ತು ಅತ್ತು, ಡಬ್ಬಿ ಹಾಲಿನ ಚಹಾ ಕುಡಿದು, ಎರಡು ಸೀಸೆ ಮೇಜಿನ ಮೇಲಿಟ್ಟಳು.

"ನೋಡತ್ತಿಗೆ, ಮೊದಲಿಂದು ಹಳದಿ, ಇದು ನೀಲಿ. ನಂಬರೂ ಬೇರೆ. ಎರಡೂ ನುಂಗ್ಬೇಕು ತಾನೆ?"

ಹೂಂ ಅನ್ನಲು ಟ್ರಿಫಿಗೆ ಬಾಯಿ ಬರಲಿಲ್ಲ. ಇನ್ನೊಂದು ಮುದಿಜೀವ ಮೆಟ್ಟಿಲಿನಿಂದ ಉರುಳುವುದನ್ನು ನೋಡಲು ಅವಳಿಂದಾಗದು. ಮೊದಲ ಸಲ ಎರಡೂ ಸೀಸೆಯ ಮೇಲಿನ ಮದ್ದಿನ ಹೆಸರನ್ನು ಅಕ್ಷರ ಕೂಡಿಸಿ ಓದಿದಳು, ಒಂದೇ ಇತ್ತು.

"ಬೇಡ. ಒಂದೇ ನುಂಗು. ಎರಡೂ ಅದೇ ಮದ್ದು, ಕಂಪನಿ ಬೇರೆ ಅಷ್ಟೆ."

"ನಂಬರ್ ಬೇರೆಯಾದ್ರೆ ಮಾತ್ರೆ ಬೇರೆ ಅಂತ ಇಷ್ಟು ದಿನ ನೀನೇ ಹೇಳ್ತಿದ್ದೆಯಲ್ಲ?" ಡ್ರೂಸಿ ನಕ್ಕಳು. "ಇದ್ಯಾವಾಗ ಕಲಿತೆ?"

ಟ್ರಿಫಿ ಎರಡೂ ಸೀಸೆಗಳನ್ನು ಅವಳ ಕಡೆ ಸರಿಸಿದಳು. ಡ್ರೂಸಿಯ ನಗು ಹಾಗೇ ನಿಂತಿತು. ಅವಳ ಕಣ್ಣು ಕಿಟಕಿಯ ಕಟ್ಟೆಗೆ ಹೋಯಿತು. ಅಲ್ಲಿ ಲಿಯಾಂಡರನ ವಾರದ ಡಬ್ಬಿ ಇನ್ನೂ ಇತ್ತು. ಎದ್ದು ಹೋಗಿ ಅವನು ಬಿದ್ದ ದಿನದಿಂದ ಮುಚ್ಚಿಯೇ ಇದ್ದ ಒಂದು ಗೂಡನ್ನು ತೆರೆದಳು. ಆಮೇಲೆ ಇನ್ನೊಂದನ್ನು. ಒಂದೊಂದರಲ್ಲೂ ಒಂದು ಗುಲಾಬಿ, ಒಂದು ಬಿಳಿ.

"ಅತ್ತಿಗೆ," ಎಂದಳು ತಿರುಗದೆಯೇ, "ನಮ್ಮಣ್ಣ ಏನೂ ಮರೆತಿರ್ಲಿಲ್ಲ ಅಲ್ವಾ?"